ಖಲ್ಫಾನರ ಕೋವಿಗೆ ಒಂದು ಬಿಚ್ಚುವ ತಿಜೋರಿ

ಪ್ರೇಮನಾಥ ಒಳ್ಳೆಯ ಸೇಲ್ಸ್‌ಮನ್ ಅಲ್ಲ. ಇದನ್ನು ಅವನ ಎದುರೇ ಎಷ್ಟೋ ಸಲ ಹೇಳಿದ್ದೇನೆ, ಹಾಗಾಗಿ ಬರೆಯಲು ನನಗೇನೂ ಸಂಕೋಚವಿಲ್ಲ. ಮಸ್ಕತ್ತಿನಿಂದ ದೂರದ ಇಬ್ರಿ ಪೇಟೆಯಲ್ಲಿ ಕಬ್ಬಿಣದ ಕಪಾಟು, ಆಫೀಸ್ ಮೇಜು, ತಿಜೋರಿ ಮಾರುವ ಅಂಗಡಿಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. ಅವನು ಕೌಂಟರಿನಲ್ಲಿ, ನಾನು ಪಿಕಪ್ಪಿನಲ್ಲಿ. ಅವನು ಮೂಲ್ಕಿ ಕಡೆಯ ತುಳುವ, ನಾನು ಉಳ್ಳಾಲದ ಬ್ಯಾರಿ ಉಮ್ಮರ್. ವಯಸ್ಸಿನಲ್ಲಿ ನಾನು ದೊಡ್ಡವನಾದ್ದರಿಂದ ಅವನಿಗೆ ನಾನು ಉಮ್ಮರಾಕ. ಗಿರಾಕಿಗಳಿಲ್ಲದಾಗ ನಮ್ಮ ಮಾತೆಲ್ಲ ತುಳುವಿನಲ್ಲಿ, ಜಗಳವೂ ಅದರಲ್ಲೇ.

ತಿಜೋರಿ ಕೊಳ್ಳಲು ಬಂದವರಿಗೆ ಬೇರೆ ಅಂಗಡಿಯವರು ಮೊದಲು ಬಾಗಿಲಿನ ದಪ್ಪ ತೋರಿಸುತ್ತಾರೆ. ಇವನು ಮನೆಯ ಸಮಾಚಾರ ಕೇಳುತ್ತಾನೆ. ಬಾಡಿಗೆ ಮನೆಯೇ, ಸ್ವಂತದ್ದೇ? ಮೆಟ್ಟಿಲು ತಿರುಗುತ್ತದೆಯೇ? ನೆಲಕ್ಕೆ ತೂತು ಕೊರೆಯಲು ಮನೆಯ ಮಾಲೀಕ ಬಿಡುತ್ತಾನೆಯೇ? ಇಷ್ಟು ಕೇಳುವಷ್ಟರಲ್ಲಿ ಅರ್ಧ ಜನ ಹೊರಟುಹೋಗಿರುತ್ತಾರೆ. ನಮ್ಮ ಮೇನೇಜರ್ ಗ್ಲಾಡ್ವಿನ್ ಬಜ್ಪೆಯವನು, ಮರ್ಯಾದಸ್ಥ. ಅವನೂ ಒಮ್ಮೆ ತಡೆಯಲಾರದೆ, ನೀನು ತಿಜೋರಿ ಮಾರುವುದೋ ಹೆಣ್ಣು ನೋಡಲು ಬಂದದ್ದೋ ಎಂದು ಕೇಳಿದ್ದ.

ಆದರೆ ನನ್ನ ಸೊಂಟ ಪ್ರೇಮನಾಥನ ಪಕ್ಷ. ಒಂದೇ ತುಂಡಿನ ದೊಡ್ಡ ತಿಜೋರಿಯನ್ನು ಮೆಟ್ಟಿಲ ಮೇಲೆ ಹೊತ್ತವರಿಗೆ ಮಾತ್ರ ಅದರ ಭಾರ ಗೊತ್ತು. ಮೇಲೆ ಇರುವವನು ಎಳೆಯಬೇಕು, ಕೆಳಗೆ ಇರುವವನು ದೇವರ ಹೆಸರು ಹೇಳಬೇಕು. ಇತ್ತೀಚೆಗೆ ಹಲಗೆ ಹಲಗೆಯಾಗಿ ಬರುವ ತಿಜೋರಿ ಬಂದಿದೆ. ತಳ, ಬೆನ್ನು, ಎರಡು ಪಕ್ಕ, ತಲೆ, ಬಾಗಿಲು ಎಲ್ಲ ಬೇರೆ ಬೇರೆ. ಕೋಣೆಯೊಳಗೆ ತೆಗೆದುಕೊಂಡು ಹೋಗಿ ಜೋಡಿಸಿದರಾಯಿತು. ಮನೆ ಬದಲಿಸುವಾಗ ಬಿಚ್ಚಿ ಪಿಕಪ್ಪಿಗೆ ಹಾಕಿದರಾಯಿತು. ಬೋಲ್ಟುಗಳೆಲ್ಲ ಒಳಗಡೆಯಿಂದ ಇರುವುದರಿಂದ ಬಾಗಿಲು ಮುಚ್ಚಿದ ಮೇಲೆ ಹೊರಗಿನವನು ಏನೂ ಮಾಡುವಂತಿಲ್ಲ. ಆದರೂ ಜನರಿಗೆ ನಂಬಿಕೆ ಇಲ್ಲ. ತುಂಡು ತುಂಡಾಗಿ ಬಂದದ್ದು ಗಟ್ಟಿ ಇರುವುದು ಹೇಗೆ ಎನ್ನುತ್ತಾರೆ.

ಖಲ್ಫಾನ್ ಬಂದದ್ದು ಒಂದು ಭಾನುವಾರ. ನಿವೃತ್ತ ಹೆಡ್‌ಮಾಸ್ಟರ್, ಬಿಳಿ ಗಡ್ಡ, ಕೈಯಲ್ಲಿ ಬೆತ್ತ. ಹೆಂಡತಿ ತೀರಿಹೋದ ಮೇಲೆ ಪೇಟೆಯ ಹಿಂದಿನ ಬೀದಿಯಲ್ಲಿ ಮಾಳಿಗೆಯ ಮೇಲಿನ ಬಾಡಿಗೆ ಮನೆಯಲ್ಲಿದ್ದರು. ಅಲ್ಲಿಂದ ಮಸೀದಿಗೆ ನಡೆಯಬಹುದು, ಸಂಜೆ ಹಳೆಯ ಸ್ನೇಹಿತರ ಜೊತೆ ಕೂತು ಕಾಫಿ ಕುಡಿಯಬಹುದು. ಮಗಳು ಜುವೈನಾ ಬುರೈಮಿಯಲ್ಲಿ ಟೀಚರ್. ಅಪ್ಪ ತನ್ನ ಮನೆಗೆ ಬಂದುಬಿಡಲಿ ಎಂದು ಅವಳ ಹಟ. ಇವತ್ತು ನಾಳೆ ಹೋದರೂ ಹೋಗಬಹುದು ಎಂದು ಖಲ್ಫಾನ್ ನಮ್ಮ ಹತ್ತಿರ ಹೇಳಿದರು. ಹೇಳುವಾಗ ಅವರ ಮುಖ ಹಲ್ಲುನೋವಿನವರ ಹಾಗೆ ಇತ್ತು.

ಅವರ ಹತ್ತಿರ ತಂದೆಯ ಕಾಲದ ಒಂದು ಕೋವಿ ಇತ್ತು. ಲೈಸೆನ್ಸ್ ಎಲ್ಲ ಸರಿಯಾಗಿಯೇ ಇತ್ತು. ಅದರಿಂದ ಗುಂಡು ಹಾರಿ ಎಷ್ಟೋ ವರ್ಷವಾಗಿತ್ತು. ಮದುವೆಗಳಲ್ಲಿ ಗಂಡಸರು ಸಾಲಾಗಿ ನಿಂತು ಹಾಡಿ ಕುಣಿಯುವಾಗ ಮಾತ್ರ ಖಲ್ಫಾನ್ ಅದನ್ನು ಹೆಗಲ ಮೇಲೆ ಹೊತ್ತು ನಿಲ್ಲುತ್ತಿದ್ದರು. ಉಳಿದ ದಿನ ಗೋಡೆಯ ಗೂಟದ ಮೇಲೆ. ಕಳೆದ ಹಬ್ಬಕ್ಕೆ ಬಂದ ಮೊಮ್ಮಗಳು ಕುರ್ಚಿ ಹತ್ತಿ ಅದನ್ನು ಎಳೆದಳು. ಕೋವಿ ಅವಳ ಕಾಲಿನ ಪಕ್ಕದಲ್ಲೇ ಬಿತ್ತು. ಒಳಗೆ ಗುಂಡಿರಲಿಲ್ಲ, ಮಗುವಿಗೆ ಏನೂ ಆಗಲಿಲ್ಲ. ಆದರೆ ಜುವೈನಾ ಅವತ್ತೇ ಹೇಳಿಬಿಟ್ಟಳು: ಕೋವಿ ಬೀಗದೊಳಗೆ ಇರಬೇಕು, ಇಲ್ಲವಾದರೆ ಹಮೂದ್ ಚಿಕ್ಕಪ್ಪನ ಮನೆಗೆ ಹೋಗಬೇಕು. ಎರಡೂ ಆಗದಿದ್ದರೆ ಮಕ್ಕಳನ್ನು ಈ ಮನೆಗೆ ಕರೆತರುವುದಿಲ್ಲ.

ಹಮೂದ್ ಖಲ್ಫಾನರ ತಮ್ಮ. ಅವನ ಕೈ ಸೇರಿದ್ದು ಮರಳಿ ಬಂದ ದಾಖಲೆ ಇಲ್ಲ. ಬರುವ ಗುರುವಾರ ಮಗಳು ಮಕ್ಕಳನ್ನು ಕರೆದುಕೊಂಡು ಬರುವವಳಿದ್ದಳು. ಹಮೂದನೂ ಅವತ್ತೇ ಬರುತ್ತೇನೆ ಎಂದಿದ್ದ, ಜೀಪಿನಲ್ಲಿ ಕೋವಿಗೆ ಜಾಗ ಮಾಡಿಕೊಂಡು.

ಗ್ಲಾಡ್ವಿನ್ ಖಲ್ಫಾನರನ್ನು ಸೀದಾ ಒಳಗಿದ್ದ ದೊಡ್ಡ ತಿಜೋರಿಯ ಹತ್ತಿರ ಕರೆದುಕೊಂಡು ಹೋದ. ಅದು ನಮ್ಮ ಅಂಗಡಿಯಲ್ಲಿ ನಮಗಿಂತ ಹಳೆಯದು. ಒಂದು ಮುದಿ ಕೋವಿಗೆ ಅದನ್ನು ತೋರಿಸಿದ್ದು ಮೂಗಿಗಿಂತ ಮೂಗುತಿ ಭಾರ ಅಂದ ಹಾಗಾಯಿತು. ಪ್ರೇಮನಾಥ ಹಿಂದಿನಿಂದ ಹೋಗಿ ತನ್ನ ಪ್ರಶ್ನೆಗಳನ್ನು ಶುರುಮಾಡಿದ. ಎಲ್ಲವನ್ನೂ ಕೇಳಿ, ನೀವು ಹೊರಡುವ ದಿನ ಇದನ್ನು ಇಲ್ಲೇ ಬಿಟ್ಟು ಹೋಗಬೇಕಾಗುತ್ತದೆ, ಬಿಚ್ಚುವಂಥದ್ದು ತಗೊಳ್ಳಿ ಎಂದ. ತಿರುಗುವ ಮೆಟ್ಟಿಲು, ಬಾಡಿಗೆಯ ನೆಲ, ಹೋಗುವುದೋ ಇರುವುದೋ ಗೊತ್ತಿಲ್ಲದ ಮನುಷ್ಯ. ಇದಕ್ಕೆಲ್ಲ ಹೊಂದುವುದು ಅದೊಂದೇ. ಆಮೇಲೆ ಹೆಡ್‌ಮಾಸ್ಟರ್ ಎದುರೇ ಒಂದು ಪಕ್ಕದ ಹಲಗೆ ಎತ್ತಿ, ನನ್ನಂಥವನೂ ಎತ್ತಬಹುದು ನೋಡಿ ಎಂದು ತೋರಿಸಿದ. ಖಲ್ಫಾನ್ ಒಪ್ಪಿದರು. ಕೋವಿಯ ಅಳತೆ ತಗೊಂಡು, ಅದಕ್ಕೆ ಸರಿಯಾದದ್ದನ್ನು ಮಸ್ಕತ್ತಿನ ಗೋದಾಮಿನಿಂದ ತರಿಸುವುದು ಎಂದಾಯಿತು.

ಎಡವಟ್ಟಾದದ್ದು ಅಳತೆಯಲ್ಲಿ.

ಮರುದಿನ ನಾವಿಬ್ಬರೂ ಹೋದೆವು. ಒಳಗೆ ಲೋಬಾನದ ಹೊಗೆ ತುಂಬಿತ್ತು. ಹಸಿರು ಬಟ್ಟೆ ಸುತ್ತಿದ ಕೋವಿ ಎತ್ತರದಲ್ಲಿ, ಎರಡು ಗೂಟಗಳ ಮೇಲೆ. ಅದನ್ನು ಕಂಡದ್ದೇ ಪ್ರೇಮನಾಥ ನಿಂತಲ್ಲೇ ನಿಂತ. ಮೂಲ್ಕಿ ಹತ್ತಿರ ಅವರ ಕುಟುಂಬದ್ದೊಂದು ಭಂಡಾರ ಮನೆ ಉಂಟು. ಅಲ್ಲಿ ದೈವದ ಆಯುಧಗಳಿವೆ. ವರ್ಷಕ್ಕೊಮ್ಮೆ ಕೋಲದ ದಿನ ಅವುಗಳನ್ನು ಹೊರಗೆ ತರುವ ಅಧಿಕಾರ ಅವನ ಸೋದರಮಾವನಿಗೆ ಮಾತ್ರ. ಬೇರೆಯವರು ದೂರ ನಿಂತು ಕೈ ಮುಗಿಯಬೇಕು, ಮುಟ್ಟುವಂತಿಲ್ಲ. ಹೊಗೆ, ಬಟ್ಟೆ, ಗೋಡೆಯ ಮೇಲಿನ ಆ ಎತ್ತರ ಇವೆಲ್ಲ ನೋಡಿ ಅವನಿಗೆ ಊರೇ ಕಣ್ಣೆದುರು ಬಂದಿರಬೇಕು. ಖಲ್ಫಾನ್ ಕೋವಿ ಇಳಿಸಲು ಕೈ ಎತ್ತಿದರೆ ಇವನು ಕೈ ಮುಗಿದು, ಬೇಡ ಬೇಡ, ಅದು ಅಲ್ಲೇ ಇರಲಿ ಎಂದ. ಟೇಪನ್ನು ಗೋಡೆಗೆ ಹಿಡಿದು, ಕೋವಿಗಿಂತ ಒಂದು ಮೊಳ ಕೆಳಗೆ, ಕತ್ತು ಮೇಲೆ ಮಾಡಿ ಅಳೆದ.

“ಇಳಿಸಿ ಅಳೆದ್ರೆ ಎಂತ ಆಗ್ತದೆ ಮಾರಾಯ?” ಎಂದು ನಾನು ತುಳುವಿನಲ್ಲಿ ಕೇಳಿದೆ.

“ಅವರ ತಂದೆದ್ದು ಉಮ್ಮರಾಕ. ನಮ್ಮ ಕೈ ಅದಕ್ಕೆ ಯಾಕೆ?”

ಹೆಡ್‌ಮಾಸ್ಟರಿಗೆ ಭಾಷೆ ತಿಳಿಯದಿದ್ದರೂ ಇವನ ಮುಗಿದ ಕೈ ಅರ್ಥವಾಗಿತ್ತು. ಸಂತೋಷದಿಂದ ಒಳಗೆ ಹೋಗಿ ಖರ್ಜೂರ, ಕಾಫಿ ತಂದರು. ನಾನೂ ಖರ್ಜೂರ ತಿಂದು ಸುಮ್ಮನಾದೆ.

ಗುರುವಾರ ಬೆಳಿಗ್ಗೆ ಹಲಗೆಗಳನ್ನು ಒಂದೊಂದಾಗಿ ಹತ್ತಿಸಿದೆವು. ಬಾಗಿಲು ಒಂದಕ್ಕೆ ಇಬ್ಬರೂ ಬೇಕಾಯಿತು, ಉಳಿದದ್ದೆಲ್ಲ ಸಲೀಸು. ಈ ತಿಜೋರಿಗೆಂದೇ ಬರುವ ಉದ್ದ ಕತ್ತಿನ ಸ್ಪಾನರ್ ಹಿಡಿದು ಪ್ರೇಮನಾಥ ಒಳಗೆ ಕೂತು ಬೋಲ್ಟುಗಳನ್ನು ಬಿಗಿದ. ಹೊರಗಿನಿಂದ ನಾನು ಗುದ್ದಿ ನೋಡಿದೆ, ಅಲ್ಲಾಡಲಿಲ್ಲ. ಖಲ್ಫಾನ್ ತಾವೇ ಕೋವಿ ಇಳಿಸಿ, ಬಟ್ಟೆ ಬಿಚ್ಚಿ, ತೆರೆದು ಒಳಗೆ ಏನೂ ಇಲ್ಲವೆಂದು ನಮಗೆ ತೋರಿಸಿದರು. ಆಮೇಲೆ ತಿಜೋರಿಯೊಳಗೆ ನಿಲ್ಲಿಸಲು ಹೋದರು.

ಹೋಗಲಿಲ್ಲ. ನಾಲ್ಕು ಬೆರಳಿನಷ್ಟು ಉದ್ದವಾಯಿತು. ನಾನು ಗೋಡೆಯ ಕಡೆ ನೋಡಿದೆ. ಗೂಟದ ಪಕ್ಕದಲ್ಲೇ ಕಿಟಕಿಯ ಪರದೆ. ಕೋವಿಯ ಮೂತಿ ಅಷ್ಟೂ ದಿನ ಆ ಪರದೆಯ ಹಿಂದೆ ಇತ್ತು. ಕೆಳಗಿನಿಂದ ಅಳೆದವನಿಗೆ ಅದು ಕಾಣುವುದು ಹೇಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಮನುಷ್ಯರಿಗೆ ಹೇಳಬಹುದು, ಕೋವಿಗೆ ಹೇಳುವುದು ಹೇಗೆ? ನನಗೆ ಸಿಟ್ಟು ನೆತ್ತಿಗೇರಿತು. ಒಂದು ಸಲ ಮುಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬೈದೆ. ಪ್ರೇಮನಾಥನ ಮುಖದಲ್ಲಿ ರಕ್ತವೇ ಇರಲಿಲ್ಲ. ಖಲ್ಫಾನ್ ಕೋವಿಯನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು. ಮಗಳು ಬುರೈಮಿ ಬಿಟ್ಟಾಗಿದೆ ಎಂದು ಆಗಲೇ ಫೋನ್ ಬಂದಿತ್ತು. ಬೇರೆ ಅಳತೆಯ ತಿಜೋರಿ ಬರಬೇಕಾದರೆ ಇನ್ನೂ ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ಕೋವಿ ಹಮೂದನ ಗೋಡೆ ಏರಿರುತ್ತದೆ.

ಪ್ರೇಮನಾಥ ಎದ್ದು ಹೊರಗೆ ಹೋದ. ಓಡಿಹೋದನೋ ಏನೋ ಎಂದುಕೊಂಡೆ. ನೋಡಿದರೆ ನಲ್ಲಿಯ ಹತ್ತಿರ ಕೈ, ಕಾಲು, ಮುಖ ತೊಳೆಯುತ್ತಿದ್ದ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಂದು ಖಲ್ಫಾನರ ಎದುರು ತಲೆ ಬಗ್ಗಿಸಿ ನಿಂತ. ಅವನ ಅರಬ್ಬಿ ಅಷ್ಟಕ್ಕಷ್ಟೆ, ಅರ್ಧ ಹಿಂದಿ. ಅವನು ಹೇಳಿದ್ದರ ತಾತ್ಪರ್ಯ ಇಷ್ಟು:

“ತಪ್ಪು ನನ್ನದು. ಇದನ್ನು ಮುಟ್ಟಲು ನನಗೆ ಅಪ್ಪಣೆ ಕೊಡಿ.”

ಖಲ್ಫಾನ್ ಎರಡೂ ಕೈಯಲ್ಲಿ ಕೋವಿ ಎತ್ತಿ ಕೊಟ್ಟರು. ಇವನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡ. ಒತ್ತಿಕೊಂಡ ಮೇಲೆ ಮಾತ್ರ ಅವನು ನಮ್ಮ ಅಂಗಡಿಯ ಪ್ರೇಮನಾಥನಾದ. ಟೇಪ್ ತೆಗೆದು ತುದಿಯಿಂದ ತುದಿಗೆ ಅಳೆದ. ತಿಜೋರಿಯ ಒಳಗನ್ನು ಮೂಲೆಯಿಂದ ಮೂಲೆಗೆ ಅಳೆದ. ಆಮೇಲೆ ಸ್ಪಾನರ್ ಹಿಡಿದು ಮೇಲಿನ ಅಡ್ಡ ಹಲಗೆಯನ್ನೂ ನಡುವಿನ ಗೋಡೆಯನ್ನೂ ಬಿಚ್ಚಿ ಹೊರಗೆ ಹಾಕಿದ. ಗ್ಲಾಡ್ವಿನ್ ತೋರಿಸಿದ ಆ ದೊಡ್ಡ ತಿಜೋರಿಯಾಗಿದ್ದರೆ ಒಳಗಿನದ್ದೆಲ್ಲ ಬೆಸುಗೆ ಹಾಕಿರುತ್ತಿತ್ತು, ಅಲ್ಲಾಡಿಸಲಿಕ್ಕೂ ಆಗುತ್ತಿರಲಿಲ್ಲ. ಕೋವಿಯ ಬುಡವನ್ನು ಎಡಗಡೆಯ ಕೆಳ ಮೂಲೆಯಲ್ಲಿಟ್ಟು ಮೂತಿಯನ್ನು ಬಲಕ್ಕೆ ಓರೆ ಮಾಡಿದ. ಕೋವಿ ಒಳಗೆ ಹೋಯಿತು. ಮೂತಿಗೂ ಹಲಗೆಗೂ ನಡುವೆ ಬೆರಳು ತೂರಿಸುವಷ್ಟು ಜಾಗ ಉಳಿಯಿತು. ಹಸಿರು ಬಟ್ಟೆಯನ್ನು ಮಡಚಿ ಅದರ ಕೆಳಗೆ ಆನಿಕೆ ಕೊಟ್ಟ. ಬಾಗಿಲು ಮುಚ್ಚಿದ. ಮುಚ್ಚಿಕೊಂಡಿತು.

ನನಗೆ ಹೋದ ಜೀವ ಬಂದ ಹಾಗಾಯಿತು. ಖಲ್ಫಾನ್ ಅಲ್‌ಹಮ್ದುಲಿಲ್ಲಾ ಎಂದರು, ನಾನೂ ಎಂದೆ. ಪ್ರೇಮನಾಥ ನೆಲದ ಮೇಲೆ ಕೂತು ಬೆವರು ಒರೆಸಿಕೊಂಡ. ಮೂವರೂ ಒಬ್ಬರನ್ನೊಬ್ಬರು ನೋಡಿ ನಕ್ಕೆವು. ನಗಲು ಕಾರಣ ಬೇಕಾಗಿರಲಿಲ್ಲ.

ಜುವೈನಾ ಬಂದವಳು ಕೈಚೀಲವನ್ನೂ ಕೆಳಗಿಡದೆ ತಿಜೋರಿಯ ಬಾಗಿಲು ಎಳೆದಳು, ಗುದ್ದಿದಳು. ಮಗಳ ಕೈಯಲ್ಲೂ ಎಳೆಸಿ ನೋಡಿದಳು. ಅಪ್ಪ ಬೀಗ ತೆಗೆದು ಒಳಗಿದ್ದ ಕೋವಿ ತೋರಿಸಿ ಮತ್ತೆ ಮುಚ್ಚಿದರು. “ಖಲಾಸ್,” ಎಂದಳು ಅವಳು, ಮತ್ತು ಅಪ್ಪನ ಪಕ್ಕದಲ್ಲಿ ಕೂತುಬಿಟ್ಟಳು. ಅವಳಿಗೂ ಕೋವಿ ಹೋಗುವುದು ಬೇಡವಾಗಿತ್ತು ಎಂದು ಆಗ ನನಗೆ ತಿಳಿಯಿತು. ಹಮೂದ್ ಬಂದ, ಕಾಫಿ ಕುಡಿದ, ತಿಜೋರಿಯ ಸುತ್ತ ಒಂದು ಸುತ್ತು ಹಾಕಿದ, ಖಾಲಿ ಜೀಪಿನಲ್ಲಿ ಹೋದ.

ಕೋವಿಯ ಮಾತು ಮುಗಿದ ಮೇಲೆ ಅವಳು ಇನ್ನೊಂದು ಮಾತು ಎತ್ತಿದಳು. ಹೇಗೂ ಇದು ಬಿಚ್ಚುವ ತಿಜೋರಿ, ಬರುವ ರಜೆಯಲ್ಲೇ ಬಿಚ್ಚಿಕೊಂಡು ಬುರೈಮಿಗೆ ಬಂದುಬಿಡಿ ಎಂದಳು. ಖಲ್ಫಾನ್ ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಸುರಿದರು. ನಾವು ಹೊರಟಾಗ ಮೆಟ್ಟಿಲವರೆಗೆ ಬಂದರು. ಪ್ರೇಮನಾಥ ಸ್ಪಾನರನ್ನು ಅವರ ಕೈಗೆ ಕೊಟ್ಟು, ಜೋಪಾನ ಮಾಡಿ, ಇದಿಲ್ಲದೆ ಬಿಚ್ಚಲು ಆಗುವುದಿಲ್ಲ ಎಂದ. ಅವರು ಅದನ್ನು ತಿರುಗಿಸಿ ನೋಡಿ, ಇದಿಲ್ಲದೆ ಆಗುವುದೇ ಇಲ್ಲವೇ ಎಂದು ಕೇಳಿದರು. ಆಗುವುದಿಲ್ಲ ಎಂದ ಇವನು. ಅವರು ಸ್ಪಾನರನ್ನು ಅವನ ಕೈಗೇ ವಾಪಸ್ ಇಟ್ಟು, ಬೆರಳುಗಳನ್ನು ಮಡಚಿದರು. ನಿನ್ನ ಹತ್ತಿರ ಇರಲಿ, ಬೇಕಾದಾಗ ಕೇಳುತ್ತೇನೆ ಎಂದರು.

ಅವರು ಕೇಳಲಿಲ್ಲ. ರಜೆ ಬಂತು, ಹೋಯಿತು. ಸಂಜೆ ಪಿಕಪ್ ಅಡ್ಡಾಡಿಸುವಾಗ ಅವರು ಸ್ನೇಹಿತರ ನಡುವೆ ಕೂತು ಕಾಫಿ ಕುಡಿಯುವುದು ಕಾಣುತ್ತದೆ. ನಾನು ಹಾರ್ನ್ ಹಾಕುತ್ತೇನೆ, ಅವರು ಬೆತ್ತ ಎತ್ತುತ್ತಾರೆ. ತಿಂಗಳಿಗೊಮ್ಮೆ ಮಗಳು ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಗೋಡೆಯ ಗೂಟಕ್ಕೆ ಈಗ ಮೊಮ್ಮಗಳ ಶಾಲೆಯ ಚೀಲ ತೂಗುತ್ತದಂತೆ.

ಮೊನ್ನೆ ಜುವೈನಾ ಒಬ್ಬಳೇ ನಮ್ಮ ಅಂಗಡಿಗೆ ಬಂದಳು. ಕೌಂಟರಿನಲ್ಲಿ ಪ್ರೇಮನಾಥನನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ನಿಂತಳು. ನಾನು ಅಲ್ಲೇ ಬಿಲ್ ಹಿಡಿದು ನಿಂತಿದ್ದೆ. ನೀವು ಇಂಡಿಯಾಕ್ಕೆ ಹೋಗಿದ್ದೀರಿ, ಸ್ಪಾನರ್ ನಿಮ್ಮ ಹತ್ತಿರ ಉಳಿದಿದೆ, ನೀವು ಬರುವವರೆಗೆ ಬುರೈಮಿಗೆ ಬರಲು ಆಗುವುದಿಲ್ಲ ಎಂದು ಅಪ್ಪ ಹೇಳಿದರಲ್ಲ ಎಂದಳು. ಕೇಳಿದ್ದು ಒಂದು ಸಲ ಅಲ್ಲವಂತೆ, ಪ್ರತಿ ಸಲ ಇದೇ ಉತ್ತರವಂತೆ.

ನಾನಾಗಿದ್ದರೆ ನಿನ್ನೆಯಷ್ಟೇ ಬಂದೆ ಎಂದು ಏನಾದರೂ ಹೊಸೆಯುತ್ತಿದ್ದೆ. ಪ್ರೇಮನಾಥನಿಗೆ ಸುಳ್ಳು ಬರುವುದಿಲ್ಲ. ಅದಕ್ಕೇ ಅವನು ಒಳ್ಳೆಯ ಸೇಲ್ಸ್‌ಮನ್ ಅಲ್ಲ ಎಂದದ್ದು. ಡ್ರಾವರ್ ತೆಗೆದು ಆ ಉದ್ದ ಕತ್ತಿನ ಸ್ಪಾನರನ್ನು ಅವಳ ಎದುರು ಕೌಂಟರಿನ ಮೇಲೆ ಇಟ್ಟ. ಅವನ ಕಿವಿ ಕೆಂಪಾಗಿತ್ತು. ಹೆಡ್‌ಮಾಸ್ಟರರ ಸಂಜೆಯ ಕಾಫಿ ಮುಗಿಯಿತು ಎಂದುಕೊಂಡೆ ನಾನು.

ಜುವೈನಾ ಅದನ್ನು ನೋಡುತ್ತಾ ನಿಂತಳು. ಆಮೇಲೆ ಒಂದು ಬೆರಳಿನಿಂದ ಮೆಲ್ಲಗೆ ಅವನ ಕಡೆಗೇ ತಳ್ಳಿದಳು.

“ಅಪ್ಪ ಸುಳ್ಳು ಹೇಳುವವರಲ್ಲ,” ಎಂದಳು. “ನೀವು ಇಂಡಿಯಾದಲ್ಲೇ ಇದ್ದೀರಿ. ನಾನು ನಿಮ್ಮನ್ನು ನೋಡಲಿಲ್ಲ.”