ಹಲ್ವರ್ ಅವರ ಮೌನಕ್ಕೆ ಐದರ ಎಣಿಕೆ

೧೯೭೪ರ ಅಕ್ಟೋಬರ್‌ನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮೂರು ಸೌತ್‌ಫೀಲ್ಡ್ ಬಿಟ್ಟೆವು. ಕಾರಿನಲ್ಲಿ ನಾನು, ನನ್ನ ಹೆಂಡತಿ ಶಾರದೆ, ಒಂದು ಡಬ್ಬಿ ಚಿತ್ರಾನ್ನ, ಮತ್ತು ಪಕ್ಕದ ಮನೆಯ ಹಲ್ವರ್. ನಾರ್ವೆಯ ನಾಟಕಗಳಲ್ಲಿ, ಸಿನಿಮಾಗಳಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ನಟರು ಅವರು. ಹೆಂಡತಿ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನೆಲೆಸಿದ್ದರು. ವಯಸ್ಸು ಎಪ್ಪತ್ತೆರಡು. ಷಿಕಾಗೋದ ನಾರ್ವೆಯವರ ಸಂಘವೊಂದು ಭಾನುವಾರ ಮಧ್ಯಾಹ್ನ ಅವರಿಂದ ಹಳೆಯ ನಾಟಕವೊಂದರ ಕೊನೆಯ ದೃಶ್ಯ ಆಡಿಸುವುದಿತ್ತು. ಮರೆಯಲ್ಲಿ ಕೂತು ಮರೆತ ಮಾತು ಎತ್ತಿಕೊಡುವ ಪ್ರಾಂಪ್ಟರ್ ನಾನು. ನಾರ್ವೆ ಭಾಷೆಯ ಗಂಧಗಾಳಿಯೂ ನನಗಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದೂ ಅಂಥವನೇ. ಮಾತಿನ ನಡುವೆ ಅವರು ತಡೆದು ನಿಲ್ಲುತ್ತಿದ್ದ ಮೌನ ಅವರ ದೇಶದಲ್ಲಿ ಪ್ರಸಿದ್ಧವಂತೆ. ಕೊನೆಯ ಸಲ ರಂಗದ ಮೇಲೆ ನಿಜವಾಗಿಯೂ ಮಾತು ಮರೆತು ನಿಂತಾಗ, ಪ್ರಾಂಪ್ಟರ್ ಅದನ್ನೂ ಆ ಮೌನವೆಂದೇ ತಿಳಿದು ಭಕ್ತಿಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದನಂತೆ. ಅರ್ಧದಲ್ಲೇ ತೆರೆ ಬಿತ್ತು. ಆಮೇಲೆ ಒಂಬತ್ತು ವರ್ಷ ಅವರು ರಂಗ ಹತ್ತಿರಲಿಲ್ಲ.

“ನಮ್ಮವರು ಯಾರೂ ನನಗೆ ಮಾತು ಎತ್ತಿಕೊಡುವುದಿಲ್ಲ, ನೀವು ಕೊಡುತ್ತೀರಿ. ಒಂದೇ ಒಂದು ಸಲ ಕೊನೆ ಮುಟ್ಟಿಸಬೇಕು, ಅಷ್ಟೇ,” ಎಂದು ಇಂಗ್ಲಿಷಿನಲ್ಲಿ ಹೇಳಿದ್ದರು.

ಮೈಸೂರಿನ ಹವ್ಯಾಸಿ ತಂಡದಲ್ಲಿ ಆರು ವರ್ಷ ಸೈಡ್‌ವಿಂಗಿನಲ್ಲಿ ಕೂತು ಆ ಕೆಲಸ ಮಾಡಿದವನು ನಾನು. ನಮ್ಮ ಮೇಷ್ಟ್ರದು ಒಂದೇ ಕಟ್ಟಪ್ಪಣೆ: ನಟ ನಿಂತರೆ ಮನಸ್ಸಿನಲ್ಲಿ ಐದು ಎಣಿಸು, ಆರಕ್ಕೆ ಮಾತು ಕೊಡು. ಹಲ್ವರ್ ಹೇಳಿಕೊಟ್ಟ ನಾಟಕದ ಮಾತನ್ನೆಲ್ಲ ಒಂದು ವಾರ ಕೂತು ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಆ ನೋಟ್‌ಬುಕ್ ಇಂದಿಗೂ ನನ್ನ ಬಳಿ ಇದೆ.

ದಾರಿ ಇನ್ನೂರ ಎಂಬತ್ತು ಮೈಲಿ. ಪೆಟ್ರೋಲ್ ಅಭಾವದ ನಂತರ ಗಂಟೆಗೆ ಐವತ್ತೈದು ಮೈಲಿಯ ಮಿತಿ ಹಾಕಿದ್ದರಿಂದ ಕಾರು ತೆವಳುತ್ತಿತ್ತು. ಕಲಮಜೂ ಊರು ದಾಟಿ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ಚಿತ್ರಾನ್ನ ತಿಂದೆವು. ಹಲ್ವರ್ ಮೆಣಸಿನಕಾಯಿಗಳನ್ನು ಒಂದೊಂದಾಗಿ ಆರಿಸಿ ಸಾಲಾಗಿಟ್ಟು ತಮ್ಮ ಕತೆ ಹೇಳಿದರು. ಅಪ್ಪ ಮೀನುಗಾರರಿಗೆ ಹಗ್ಗ ಹೊಸೆಯುತ್ತಿದ್ದರು. ಇವರು ಹದಿನೇಳಕ್ಕೆ ಊರು ಬಿಟ್ಟು ನಾಟಕದಲ್ಲಿ ಲಾಂದ್ರ ಹಿಡಿದು ನಿಲ್ಲುವ ಪಾತ್ರಕ್ಕೆ ಸೇರಿದರು. ಬಾಯಿ ಬಿಡಲು ಎರಡು ವರ್ಷ ಹಿಡಿಯಿತು. ಆಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ರಂಗ, ಹನ್ನೊಂದು ಸಿನಿಮಾ, ಹೆಚ್ಚಿನವುಗಳಲ್ಲಿ ಪಾದ್ರಿಯ ಪಾತ್ರ.

“ಸಿನಿಮಾದವರು ನನ್ನ ಮೌನವನ್ನೆಲ್ಲ ಕತ್ತರಿಸಿ ಎಸೆದರು,” ಎಂದು ನಕ್ಕರು.

ಮತ್ತೆ ಕಾರು ಹತ್ತಿದ ಮೇಲೂ ಕತೆ ಮುಂದುವರಿಯಿತು. “ರೀ, ಕತೆ ಕೇಳ್ತಾ ಕೇಳ್ತಾ ಎಕ್ಸಿಟ್ ಮಿಸ್ ಮಾಡ್ಬಿಟ್ಟೀರಾ,” ಎಂದಳು ಶಾರದೆ. ಹೆದ್ದಾರಿಯಿಂದ ಇಳಿಯುವ ದಾರಿ ಆಗಲೇ ತಪ್ಪಿಯಾಗಿತ್ತು.

ರಾತ್ರಿ ಷಿಕಾಗೋ ಪಕ್ಕದ ಓಕ್ ಬ್ರೂಕ್‌ನ ಗೆಳೆಯನ ಮನೆಯಲ್ಲಿ ತಂಗಿ, ಮರುದಿನ ಸಂಘದ ಸಭಾಂಗಣಕ್ಕೆ ಹೋದೆವು. ಮರದ ಕುರ್ಚಿಗಳು, ಕಾಫಿಯ ಘಮ, ನೂರು ಜನರಿರಬಹುದು, ಎಲ್ಲರೂ ವಯಸ್ಸಾದವರೇ. ನಾನು ಅಭ್ಯಾಸಬಲದಿಂದ ರಂಗದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡೆ. ನೋಡಿದ ಹಲ್ವರ್ ತಾವೂ ಹಾಗೇ ಮಾಡಿದರು.

ಮೊದಲ ಹತ್ತು ನಿಮಿಷ ಅವರು ಸಿಂಹದ ಹಾಗಿದ್ದರು. ಆಮೇಲೆ ನಿಂತರು. ಒಂದು, ಎರಡು ಎಂದು ಎಣಿಸಿದೆ. ಮುಂದಿನ ಸಾಲಿನ ಮುದುಕಿಯೊಬ್ಬರು ಕರವಸ್ತ್ರ ತೆಗೆದರು. ಅಯ್ಯೋ, ಇದೇ ಇರಬೇಕಲ್ಲ ಆ ಹೆಸರುವಾಸಿ ಮೌನ! ಇದನ್ನು ನಾನು ಹಾಳು ಮಾಡುವುದೆ? ಐದಾಯಿತು, ಆರಾಯಿತು, ನನ್ನ ನಾಲಿಗೆ ಏಳಲಿಲ್ಲ. ದಾರಿಯುದ್ದಕ್ಕೂ ಕತೆ ಕೇಳಿ ಕೇಳಿ ನಾನೂ ಅವರ ಭಕ್ತನಾಗಿಬಿಟ್ಟಿದ್ದೆ. ಎಣಿಕೆ ಒಂಬತ್ತಕ್ಕೆ ಬಂದಾಗ, ನಿಜಕ್ಕೂ ಮಾತು ಹುಡುಕುವವರ ಹಾಗೆ ಅವರ ಹೆಬ್ಬೆರಳು ಕೋಟಿನ ಅಂಚನ್ನು ಉಜ್ಜುತ್ತಿರುವುದು ಕಾಣಿಸಿತು. ಮೇಷ್ಟ್ರು ಕಿವಿ ಹಿಂಡಿದಂತಾಗಿ ಮುಂದಿನ ಮಾತನ್ನು ಮೈಸೂರಿನ ಗಟ್ಟಿ ದನಿಯಲ್ಲೇ ಕೊಟ್ಟುಬಿಟ್ಟೆ. ಸಭೆಗೆಲ್ಲ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು. ಹಲ್ವರ್ ಆ ಮಾತು ಹಿಡಿದು ಕೊನೆಯವರೆಗೂ ನಿಲ್ಲದೆ ಹೋದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾಫಿ ಮೇಜಿನ ಬಳಿ, ಹಲ್ವರ್‌ಗೂ ಕೇಳುವಂತೆ, ಕರವಸ್ತ್ರದ ಮುದುಕಿ ನನ್ನನ್ನು ಹಿಡಿದುಕೊಂಡರು. “ಅವರ ಮೌನ ನೋಡಲು ಮಿನಿಸೋಟಾದಿಂದ ಬಸ್ಸಿನಲ್ಲಿ ಬಂದೆ. ನಡುವೆ ಬಾಯಿ ಹಾಕಿ ಕೆಡಿಸಿದಿರಲ್ಲ?”

ಕ್ಷಮಿಸಿ ಎಂದೆ. ಶಾರದೆಗೆ ಸಿಟ್ಟು. “ಸುಮ್ನೆ ಯಾಕ್ರೀ ಬೈಸ್ಕೊಂಡ್ರಿ?” ಎಂದಳು.

ಮರುದಿನ ಹಿಂತಿರುಗುವಾಗ ಹಲ್ವರ್ ಹಿಂದಿನ ಸೀಟಿನಲ್ಲಿದ್ದರು. “ನಿನ್ನೆ ತಲೆ ಖಾಲಿಯಾಗಿತ್ತು. ನನ್ನ ಹೆಸರೂ ನೆನಪಿರಲಿಲ್ಲ. ಆಕೆಗೆ ನೀವು ಹೇಳಬಹುದಿತ್ತು,” ಎಂದರು.

“ಅದು ಪ್ರಾಂಪ್ಟರ್ ಕೆಲಸ ಅಲ್ಲ ಸರ್,” ಎಂದೆ. ಅವರು ಮುಂದಕ್ಕೆ ಬಾಗಿ ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈ ಜಾಕ್ಸನ್ ಊರು ದಾಟುವವರೆಗೂ ಅಲ್ಲೇ ಇತ್ತು.

ಸಂಜೆ ನಾಲ್ಕಕ್ಕೆ ಮನೆ ಮುಟ್ಟಿದೆವು. ಪೆಟ್ಟಿಗೆ ಇಳಿಸಿಕೊಟ್ಟೆ. ಹಲ್ವರ್ ಬಾಗಿಲಲ್ಲಿ ಬೀಗದಕೈ ಹಿಡಿದು ಮೇಪಲ್ ಮರದ ಕಡೆ ತಿರುಗಿ ನಿಂತರು, ಅಲುಗಾಡಲಿಲ್ಲ. ಮತ್ತೆ ಮರೆತರೇನೋ ಎನಿಸಿತು. ಐದು ಎಣಿಸಿದೆ.

“ಇದೇ ನಿಮ್ಮ ಮನೆ, ಸರ್,” ಎಂದೆ ಮೆಲ್ಲಗೆ.

“ಗೊತ್ತು,” ಎಂದರು ಹಲ್ವರ್, ತಿರುಗಿ ನೋಡದೆ. “ಇದು ಮರೆವಲ್ಲ. ಇದು ನನ್ನ ಮೌನ.”