ನಾನು ಹೇಳಿಕೊಡದ ಬಹುವಚನಗಳು

ನನ್ನ ಹೆಂಡತಿ ಹಾಲೆಂಡಿನವಳು. ಪಾರ್ಕ್ ರಾಯಲ್ ಕೈಗಾರಿಕಾ ಪ್ರದೇಶದ ತರಕಾರಿ ಗೋದಾಮೊಂದರಲ್ಲಿ ಕೂತು ತನ್ನ ದೇಶದ ಬೆಳೆಗಾರರ ಜೊತೆ ಫೋನಿನಲ್ಲಿ ಡಚ್ ಮಾತಾಡುವುದೇ ಅವಳ ಕೆಲಸ. ಕಳೆದ ಚಳಿಗಾಲದಲ್ಲಿ ಸ್ಟ್ರೋಕ್ ಆಯಿತು. ಕೈಕಾಲು ಬೇಗ ಸುಧಾರಿಸಿದವು, ಮಾತು ಹಿಂದೆ ಉಳಿಯಿತು.

ಒಂದು ಚಮಚ ತೋರಿಸಿದರೆ ‘ಲೇಪಲ್’ ಎನ್ನುತ್ತಿದ್ದಳು. ಎರಡು ಇಟ್ಟರೂ ತಡವರಿಸಿ ಮತ್ತೆ ಅದನ್ನೇ ಹೇಳುತ್ತಿದ್ದಳು. ಮೊಟ್ಟೆಯ ಟ್ರೇ ಕಂಡರೆ ಮಾತ್ರ ‘ಐಯರೆನ್’, ಮೊಟ್ಟೆಗಳು, ಎಂದು ಸರಾಗವಾಗಿ ಬರುತ್ತಿತ್ತು. ಸದಾ ಗುಂಪಾಗಿ ಕಾಣುವ ವಸ್ತುಗಳ ಬಹುವಚನ ಇಡಿಯಾಗಿ ತಲೆಯಲ್ಲಿ ಕೂತಿರಬಹುದು, ಉಳಿದವನ್ನು ಆಡುವ ಹೊತ್ತಿಗೆ ಜೋಡಿಸಿಕೊಳ್ಳಬೇಕಾಗಬಹುದು ಎಂದರು ಸ್ಪೀಚ್ ಥೆರಪಿಸ್ಟ್. ಭಾಷಾವಿಜ್ಞಾನ ಓದಿದ ನಾನು ಅದನ್ನೂ ಅನುಮಾನಿಸಿದೆ.

ಮನೆಯಲ್ಲಿ ಅಭ್ಯಾಸ ಮಾಡಿಸಿ ವಿಡಿಯೊ ಕಳಿಸಿ ಎಂದರು. ಯಾರೂ ಪಿಸುಗುಟ್ಟಿಯೂ ಹೇಳಿಕೊಡಬಾರದು. ಹೇಳಿಕೊಟ್ಟಿದ್ದರೆ ಅದು ಲೆಕ್ಕಕ್ಕಿಲ್ಲ. ಅವಳು ಕೆಲಸಕ್ಕೆ ಮರಳಬಹುದೇ ಎಂಬುದನ್ನು ಆ ವಿಡಿಯೊ ನೋಡಿ ಅವರು ಗೋದಾಮಿಗೆ ತಿಳಿಸಬೇಕಿತ್ತು.

ಭಾನುವಾರ ಹೌನ್ಸ್ಲೋದ ನಮ್ಮ ಅಡುಗೆಮನೆಯಲ್ಲಿ ಮಗಳು ಫೋನ್ ಹಿಡಿದು ನಿಂತಳು. ನಾನು ಮೇಜಿನ ಮೇಲೆ ಒಂದು ಚಮಚ ಇಟ್ಟೆ, ಪಕ್ಕದಲ್ಲಿ ಇನ್ನೊಂದು. ತುಂಬ ಹೊತ್ತಾದ ಮೇಲೆ ಹೆಂಡತಿ ‘ಲೇಪಲ್ಸ್’, ಚಮಚಗಳು, ಎಂದಳು. ನಿಂಬೆಹಣ್ಣಿನ ಬಹುವಚನವೂ ಬಂತು, ಈರುಳ್ಳಿಯದೂ ಬಂತು. ಮಗಳು ಕುಣಿದಾಡಿದಳು. ನಾನು ಫೋನಿಗೆ ಕೈ ಅಡ್ಡ ಹಿಡಿದೆ.

“ಕಳಿಸ್ಬೇಡ. ಎಲ್ಲಾ ನಾನೇ ಹೇಳ್ಕೊಟ್ಟೆ.”

“ನೋ ಅಪ್ಪ, ಯು ಡಿಡಂಟ್.”

“ಪಿಸುಗುಟ್ಟಿದೆ ಕಣೇ. ನನ್ನ ಕಿವಿಗೇ ಕೇಳಿಸ್ತು.”

“ಓಕೆ, ಪ್ರೊಫೆಸರ್. ವಾಚ್ ಇಟ್ ದೆನ್.”

ನೋಡಿದೆ. ಚಮಚಗಳ ಮುಂದೆ ಹೆಂಡತಿ ಕಣ್ಣು ಮುಚ್ಚಿದ್ದಾಳೆ. ಆ ಮೌನದಲ್ಲಿ ಬಗ್ಗಿ ‘ಲೇಪಲ್ಸ್’ ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನಾಲಿಗೆ ಅಂಗುಳಕ್ಕೆ ತಾಗಿದ್ದೂ ನೆನಪಿದೆ. ವಿಡಿಯೊದಲ್ಲಿ ನನ್ನ ತುಟಿ ಅಲುಗಿಲ್ಲ. ಫ್ರಿಜ್ಜಿನ ಗುಂಯ್ ಬಿಟ್ಟರೆ ಸದ್ದೇ ಇಲ್ಲ. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ನೋಡಿದೆ. ಈರುಳ್ಳಿಯ ಸರದಿಯಲ್ಲಂತೂ ನಾನು ಕಿಟಕಿಯ ಕಡೆ ತಿರುಗಿದ್ದೇನೆ.

ಫೋನ್ ಇಲ್ಲದಿದ್ದರೆ ಥೆರಪಿಸ್ಟರ ಮುಂದೆ ನಾನು ಪ್ರಾಮಾಣಿಕವಾಗಿ ಸಾಕ್ಷಿ ಹೇಳಿರುತ್ತಿದ್ದೆ, ಅವಳ ಮಾತನ್ನು ಅವಳದಲ್ಲ ಎಂದಿರುತ್ತಿದ್ದೆ. ಊರವರನ್ನೆಲ್ಲ ಆಧಾರ ಕೇಳುವವನು ನಾನು. ತಲೆಯೊಳಗೇ ಆಡಿದ್ದನ್ನು ಬಾಯಲ್ಲಿ ಆಡಿದೆ ಎಂದುಕೊಂಡಿದ್ದೆನೇ? ಹಾಗಿದ್ದರೆ ಇಷ್ಟು ವರ್ಷ ನಾನು ಆಡಿದೆ ಎಂದುಕೊಂಡ ಮಾತುಗಳಲ್ಲಿ ಎಷ್ಟು ಹೊರಗೆ ಬಂದಿವೆಯೋ.

“ಇಕ್,” ಎಂದಳು ಹೆಂಡತಿ. ನಾನು ಎಂದರ್ಥ. ಎದೆ ತಟ್ಟಿಕೊಂಡು ಮತ್ತೆ ಹೇಳಿದಳು: “ಇಕ್!” ಅವಳ ಕಣ್ಣಲ್ಲಿ ಸಿಟ್ಟಿತ್ತು. ಮಗಳ ಕೈಯಿಂದ ಫೋನ್ ಕಿತ್ತುಕೊಂಡು, ನನ್ನ ಕಡೆ ನೋಡದೆ, ಅವಳೇ ಅದನ್ನು ಕಳಿಸಿದಳು.