ಶನಿವಾರ ಬೆಳಗಿನ ಹಾಲಿನ ಗೆರೆ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಸ್ವಲ್ಪ ಒಳಗೆ ನಡೆದರೆ ನನ್ನ ತವರೂರು. ನಾನಿರುವುದು ಮಂಡ್ಯದಲ್ಲಿ. ಅಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಹೋದಾಗ ಮೊದಲು ಮಾಡುವ ಕೆಲಸವೆಂದರೆ ಡೈರಿಗೆ ಹೋಗಿ, ಅಲ್ಲಿನ ಗೋಡೆಯ ಟಿವಿಗೆ ಆ ತಿಂಗಳ ಗ್ರಾಫ್ ಹಾಕುವುದು.

ಇದು ಶುರುವಾದದ್ದು ಡೈರಿಯ ಸೆಕ್ರೆಟರಿಯಿಂದ. ಹಾಲು ಹಾಕಿದವರಿಗೆಲ್ಲ ಯಂತ್ರ ಒಂದು ಚೀಟಿ ಕೊಡುತ್ತದೆ, ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು. ಚೀಟಿಯನ್ನು ಯಾರೂ ಮನೆಯ ತನಕ ಒಯ್ಯುವುದಿಲ್ಲ. ಅದೇ ಅಂಕಿಗಳು ಕಂಪ್ಯೂಟರಿನಲ್ಲೂ ಉಳಿಯುತ್ತವೆ. "ನಂಬರ್ ಯಾರೂ ನೋಡಕಿಲ್ಲ ಕಣವ್ವ. ಗೆರೆ ಎಳುದ್ರೆ ನೋಡ್ತಾರೆ," ಎಂದು ಅವರು ಒಂದು ದಿನ ಹೇಳಿದರು. ನಾನು ಗೆರೆ ಎಳೆದುಕೊಟ್ಟೆ. ಪ್ರತಿಯೊಬ್ಬ ಸದಸ್ಯರಿಗೂ ಒಂದೊಂದು ಗೆರೆ. ಹೆಸರು ಹಾಕುವುದಿಲ್ಲ, ಸದಸ್ಯತ್ವದ ಸಂಖ್ಯೆ ಮಾತ್ರ. ಊರಿನಲ್ಲಿ ಎಲ್ಲರ ಸಂಖ್ಯೆಯೂ ಎಲ್ಲರಿಗೂ ಗೊತ್ತು.

ಅಂದಿನಿಂದ ಭಾನುವಾರ ಬೆಳಿಗ್ಗೆ ಹಾಲು ಹಾಕಿದ ಮೇಲೂ ಜನ ನಿಲ್ಲತೊಡಗಿದರು.

"ನಿನ್ ಗೆರೆ ಏನ್ಲಾ, ಮುತ್ತತ್ತಿ ರೋಡ್ ಇದ್ದಂಗೆ ಅಂಕುಡೊಂಕಾಗೈತೆ?"

"ನಿಂದೇನ್ ಕಮ್ಮಿನಾ? ಅಸುಗೆ ಇಂಡಿ ಆಕ್ಲಾ ಅಂದ್ರೆ ನೀನೇ ತಿಂದಿದ್ದೀಯೆ ಅಂತ ಕಾಣ್ತದೆ."

ಈ ಗೆರೆಗಳನ್ನು ನಾನು ಕೈಯಲ್ಲಿ ಎಳೆಯುವುದಿಲ್ಲ. ಅಂಕಿಗಳನ್ನು ಕೊಟ್ಟರೆ ಗ್ರಾಫ್ ಬಿಡಿಸಿಕೊಡುವ ಒಂದು ಲೈಬ್ರರಿ ಇದೆ. ಲೈಬ್ರರಿ ಎಂದರೆ ಪುಸ್ತಕದ್ದಲ್ಲ. ಯಾರೋ ಬರೆದಿಟ್ಟ ಪ್ರೋಗ್ರಾಮಿನ ಕಟ್ಟು. ಜಗತ್ತಿನ ಬೇರೆ ಬೇರೆ ಕಡೆ ಕೂತವರು ಬಿಡುವಿನಲ್ಲಿ ಬರೆಯುತ್ತಾರೆ, ತಿದ್ದುತ್ತಾರೆ, ಯಾರು ಬೇಕಾದರೂ ಒಳಗೆ ನೋಡಬಹುದು, ಬಳಸಬಹುದು. ಆಗಾಗ ಹೊಸ ಆವೃತ್ತಿ ಬರುತ್ತದೆ. ಜೊತೆಗೆ ಏನೇನು ಸರಿಪಡಿಸಿದ್ದಾರೆ ಎಂಬ ಟಿಪ್ಪಣಿ ಇರುತ್ತದೆ. ಆ ಟಿಪ್ಪಣಿಯನ್ನು ಎಲ್ಲರಂತೆ ನಾನೂ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿ, ಅಪ್‌ಡೇಟ್ ಮಾಡಿಕೊಳ್ಳುತ್ತಿದ್ದೆ.

ಆ ಭಾನುವಾರದ ಹಿಂದಿನ ವಾರವೂ ಹಾಗೆಯೇ ಮಾಡಿದ್ದೆ.

ಟಿವಿಯಲ್ಲಿ ಗ್ರಾಫ್‌ಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಮೊದಮೊದಲಿಗೇ ಬರುವುದು ಹಳೆಯ ಸದಸ್ಯರದು. ಅದರಲ್ಲಿ ಒಂದು ನಮ್ಮ ಬೀದಿಯ ಮೂಲೆಮನೆಯ ಅತ್ತೆಯದು. ರಕ್ತಸಂಬಂಧ ಇಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಈ ಡೈರಿಗೆ ಹಾಲು ಹಾಕಿದ ಮೊದಲ ಹೆಂಗಸು ಅವರು. ಯಂತ್ರ ಬರುವುದಕ್ಕೂ ಮುಂಚಿನಿಂದ ಬೆಳಿಗ್ಗೆ, ಸಂಜೆ ಡೈರಿಯ ಕಟ್ಟೆಯ ಪಕ್ಕದ ಅದೇ ಜಾಗದಲ್ಲಿ ಕ್ಯಾನು ಹಿಡಿದು ನಿಲ್ಲುತ್ತಾರೆ. ಶನಿವಾರ ಬೆಳಿಗ್ಗೆ ಮಾತ್ರ ಬರುವುದಿಲ್ಲ. ಹಿಂದೊಮ್ಮೆ ಅವರ ಹಸುವಿಗೆ ಕೆಚ್ಚಲು ಬಾವು ಬಂದು ಉಳಿಯುವುದೇ ಕಷ್ಟವೆಂದಾಗ ಹೊತ್ತ ಹರಕೆ ಅದು: ಶನಿವಾರ ಬೆಳಗಿನ ಹಾಲು ಹೊಳೆದಂಡೆಯ ಮುತ್ತತ್ತಿಯ ಆಂಜನೇಯನಿಗೆ, ಊರವರ ಬಾಯಲ್ಲಿ ರಾಯನಿಗೆ, ಮೀಸಲು. ಅದನ್ನು ಮಾರುವಂತಿಲ್ಲ. ಊರಿನ ಗುಡಿಯಲ್ಲಿ ಅಭಿಷೇಕಕ್ಕೆ ಕೊಟ್ಟು, ಉಳಿದದ್ದನ್ನು ಬೀದಿಯ ಮಕ್ಕಳಿಗೆ ಲೋಟದಲ್ಲಿ ಕೊಡುತ್ತಾರೆ. ಆ ಹಾಲನ್ನು ನಾನೂ ಕುಡಿದಿದ್ದೇನೆ.

ಅತ್ತೆಯ ಗೆರೆ ಟಿವಿಯಲ್ಲಿ ಬಂತು. ಸಮನಾಗಿ ಸಾಗಿದ್ದ ಗೆರೆ ಒಂದು ಕಡೆ ಆಳಕ್ಕೆ ಇಳಿದು ಮೇಲೆದ್ದಿತ್ತು. ಮತ್ತೆ ಸಮ, ಮತ್ತೆ ಇಳಿತ. ಕೊನೆಯ ತುದಿಯೂ ಕೆಳಗೇ ಇತ್ತು.

ಮೊದಲು ಮಾತಾಡಿದವರು ನಾನು ಮಾವ ಎಂದು ಕರೆಯುವ ಹಿರಿಯರು. ಗೆಜ್ಜಲಗೆರೆಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಎರಡು ಹಸು ಕಟ್ಟಿದ್ದಾರೆ, ಡೈರಿ ಸಮಿತಿಯಲ್ಲಿ ಇದ್ದಾರೆ.

"ನೋಡ್ರಲಾ, ನಾಕು ಸನಿವಾರ, ನಾಕು ಗುಂಡಿ. ಬೆಳಗಿನ ಆಲು ದೇವ್ರಿಗೆ. ಸಂದೆ ಆಲ್ಗೆ ಕೊಳಾಯಿ ನೀರು."

ಒಂದಿಬ್ಬರು ನಕ್ಕರು. ಅವರು ತಮಾಷೆಗೆ ಅಂದದ್ದು ಎಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ಹೇಳಿದ್ದು ಪರದೆಯ ಮೇಲಿನ ಗೆರೆಗೆ ಎಷ್ಟು ಸರಿಯಾಗಿ ಹೊಂದಿತೆಂದರೆ, ನಕ್ಕವರು ನಗು ನಿಲ್ಲಿಸಿ ಮತ್ತೊಮ್ಮೆ ಟಿವಿ ನೋಡಿದರು. ದೇವರಿಗೆ ಕೊಟ್ಟ ಹಾಲಿನ ಅಳತೆಯನ್ನು ಸಂಜೆಯ ಕ್ಯಾನಿನಲ್ಲಿ ನೀರು ಬೆರೆಸಿ ತುಂಬಿಸಿಕೊಳ್ಳುತ್ತಾರೆ ಎಂಬುದು ಅದರ ಅರ್ಥ.

ಅತ್ತೆ ಕ್ಯಾನು ಕೆಳಗಿಟ್ಟರು. "ಏನಂದೆ ಅಣ್ಣ? ಇನ್ನೊಂದ್ ಸತಿ ಅನ್ನು."

"ನಾನ್ ಅಂತಿಲ್ಲ ಕಣವ್ವ. ಗೆರೆ ಅಂತಾ ಐತೆ."

"ಗೆರೆಗೆ ಬಾಯಿ ಐತಾ?"

"ಬಾಯಿಲ್ಲ, ಅದುಕ್ಕೇ ಸುಳ್ಳೇಳಕಿಲ್ಲ," ಎಂದರು ಹಿಂದೆ ನಿಂತಿದ್ದ ಯಾರೋ.

ಅಷ್ಟರಲ್ಲಿ ಹಾಲಿನ ಲಾರಿ ಬಂತು. ಸೆಕ್ರೆಟರಿ ಟಿವಿ ಆರಿಸಿ ಕ್ಯಾನುಗಳ ಕಡೆ ಓಡಿದರು. ಅಂಕಿಗಳನ್ನು ಅಲ್ಲಿಯೇ ತೆಗೆದು ನೋಡಬಹುದಿತ್ತು. ಯಾರಿಗೂ ಹೊಳೆಯಲಿಲ್ಲ, ನನಗೂ. ಹೋದ ಭಾನುವಾರ ಈ ಗೆರೆ ಹೀಗಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ. ಲಾರಿ ಹೋದ ಮೇಲೂ ಮಾತು ನಿಲ್ಲಲಿಲ್ಲ. ಕೊನೆಗೆ ಮಾವನೇ ತೀರ್ಮಾನ ಮಾಡುವವರಂತೆ ಅಂದರು: "ಬುಡು, ಜಗಳ ಯಾಕೆ? ಬರೋ ಸನಿವಾರ ಮುತ್ತತ್ತಿಗೆ ಓಗಾನ. ಒಳೇಲಿ ಮುಳುಗೆದ್ದು, ರಾಯನ್ ಮುಂದೆ ಇಲ್ಲ ಅಂತ ಒಂದ್ ಮಾತು ಏಳ್ಬುಡು. ಅಲ್ಲಿಗೆ ಮುಗೀತು."

"ಏಳ್ತೀನಿ," ಎಂದರು ಅತ್ತೆ. "ಆದ್ರೆ ಎಲ್ರೂ ಕೇಳ್ಕಳಿ. ಆಣೆ ಮಾಡ್ಸುದ್ ಮ್ಯಾಲೆ ನನ್ ಕ್ಯಾನು ಈ ಬಾಗ್ಲಿಗೆ ಬರಕಿಲ್ಲ."

ನಮ್ಮ ಕಡೆ ಆಣೆ ಎಂದರೆ ಏನೆಂದು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಆಣೆ ಮಾಡಿದರೆ ಮಾತು ಅಲ್ಲಿಗೆ ಮುಗಿಯುತ್ತದೆ, ನಿಜ. ಆದರೆ ಹೊಳೆಯಲ್ಲಿ ಮುಳುಗಿ ಆಣೆ ಮಾಡಬೇಕಾಗಿ ಬಂದವಳು ಎಂಬ ಮಾತು ಮುಗಿಯುವುದಿಲ್ಲ. ಅತ್ತೆ ಖಾಲಿ ಕ್ಯಾನನ್ನು ಎತ್ತಿಕೊಂಡು, ಯಾರನ್ನೂ ನೋಡದೆ, ಎಂದಿನ ನಡಿಗೆಯಲ್ಲೇ ಹೋದರು. ನನ್ನ ಮುಂದೆಯೇ ದಾಟಿದರು. ನನ್ನನ್ನೂ ನೋಡಲಿಲ್ಲ.

ಮಂಡ್ಯಕ್ಕೆ ಹಿಂತಿರುಗುವ ಬಸ್ಸಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅಂಕಿಗಳನ್ನು ತೆಗೆದೆ. ಅತ್ತೆಯ ಹಾಲು ಎಲ್ಲ ದಿನವೂ ಚೆನ್ನಾಗಿಯೇ ಇತ್ತು. ಶನಿವಾರ ಸಂಜೆಯದೂ. ಪಟ್ಟಿಯಲ್ಲಿ ಶನಿವಾರ ಬೆಳಗಿನ ಚೌಕದ ಮನೆ ಮಾತ್ರ ಖಾಲಿ.

ಹಾಗಾದರೆ ಗುಂಡಿ ಎಲ್ಲಿಂದ ಬಂತು?

ಮೂರು ಸಲ ಹಾಕಿದ ಹಾಲಿನ ಸರಾಸರಿ ತೆಗೆದು ಗೆರೆಯನ್ನು ನಯ ಮಾಡುವ ಒಂದು ಸೌಲಭ್ಯ ಲೈಬ್ರರಿಯಲ್ಲಿದೆ. ಅದಿಲ್ಲದಿದ್ದರೆ ಗೆರೆ ಗರಗಸದ ಹಲ್ಲಿನಂತೆ ಕಾಣುತ್ತದೆ. ಹಳೆಯ ಆವೃತ್ತಿ ಖಾಲಿ ಮನೆಯನ್ನು ಬಿಟ್ಟು, ಇರುವುದರ ಸರಾಸರಿ ತೆಗೆಯುತ್ತಿತ್ತು. ಮನೆಗೆ ಹೋಗಿ ಅದನ್ನೇ ಮತ್ತೆ ಹಾಕಿಕೊಂಡು ನೋಡಿದೆ. ಅತ್ತೆಯ ಗೆರೆ ನೆಟ್ಟಗಿತ್ತು. ಹೊಸ ಆವೃತ್ತಿ ಹಾಕಿದೆ. ಗುಂಡಿಗಳು ಬಂದವು. ಹೊಸದು ಖಾಲಿ ಮನೆಯನ್ನು ಸೊನ್ನೆ ಎಂದು ಓದುತ್ತಿತ್ತು. ಕೊಬ್ಬು ಸೊನ್ನೆ ಇರುವ ಒಂದು ಹಾಲನ್ನು ತಾನೇ ಕಲ್ಪಿಸಿಕೊಂಡು, ಅದನ್ನು ಒಳ್ಳೆಯ ಹಾಲಿನ ಜೊತೆ ಬೆರೆಸಿ, ಸರಾಸರಿ ತೆಗೆದಿತ್ತು. ನೀರು ಬೆರೆತದ್ದು ನಿಜವೇ. ಬೆರೆಸಿದ್ದು ಅತ್ತೆಯಲ್ಲ.

ಅಪ್‌ಡೇಟಿನ ಟಿಪ್ಪಣಿಯನ್ನು ಈ ಸಲ ಒಂದೊಂದೇ ಸಾಲು ಓದಿದೆ. ಅಲ್ಲಿತ್ತು. ಮಳೆಯ ಲೆಕ್ಕ ಇಡುವ ಯಾರೋ ಒಬ್ಬರು, ಮಳೆ ಬಾರದ ದಿನಗಳಲ್ಲಿ ಗೆರೆ ಸರಿಯಾಗಿ ಬರುತ್ತಿಲ್ಲ ಎಂದು ದೂರು ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಖಾಲಿ ಎಂದರೆ ಮಳೆ ಇಲ್ಲ, ಅಂದರೆ ಸೊನ್ನೆ. ಅವರ ತೊಂದರೆಯನ್ನು ಸರಿಪಡಿಸಿದ್ದರು. ಆ ದುರಸ್ತಿ ಇಲ್ಲಿ ಬಂದು ಅತ್ತೆಯ ಮೇಲೆ ಬಿದ್ದಿತ್ತು. ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯಲಿಲ್ಲ.

ಮರುದಿನ ಲೈಬ್ರರಿಯ ದೂರುಗಳ ಪುಟದಲ್ಲಿ, ನನಗೆ ಬರುವ ಇಂಗ್ಲಿಷಿನಲ್ಲಿ, ಆದದ್ದನ್ನು ಬರೆದೆ. ಅದುವರೆಗೆ ಆ ಪುಟವನ್ನು ಓದಿದ್ದೆನೇ ಹೊರತು ಬರೆದಿರಲಿಲ್ಲ. ಉತ್ತರ ಬರುತ್ತದೆಂಬ ನಂಬಿಕೆಯೂ ಇರಲಿಲ್ಲ. ಬಂತು. ಯಾವ ದೇಶದವರೋ ಗೊತ್ತಿಲ್ಲ, ಮೊದಲು ವಂದನೆ ಹೇಳಿ, ಆಮೇಲೆ ಚಿಕ್ಕದೊಂದು ಉದಾಹರಣೆ ಕೇಳಿದ್ದರು. ಕಳಿಸಿದೆ. ಮತ್ತೆ ಕೇಳಿದರು: ಪ್ರತಿ ವಾರವೂ ಒಂದೇ ಹೊತ್ತು ಖಾಲಿ ಇದೆಯಲ್ಲ, ಅಳೆಯುವ ಯಂತ್ರ ಕೆಟ್ಟಿರುತ್ತದೆಯೇ?

ಇಲ್ಲ ಎಂದು ಬರೆದೆ. ಆ ಹೊತ್ತಿನ ಹಾಲು ಮಾರುವುದಕ್ಕಲ್ಲ, ದೇವರಿಗೆ ಮೀಸಲು. ಅದನ್ನು ಅಳೆಯುವುದೇ ಇಲ್ಲ. ಇಷ್ಟು ಬರೆದು, ಇದು ಅವರಿಗೆ ಅರ್ಥವಾದೀತೇ ಎಂದು ಅಳಿಸಲು ಹೋಗಿ, ಹಾಗೇ ಬಿಟ್ಟೆ.

ಅವರ ಉತ್ತರ ಚಿಕ್ಕದಾಗಿತ್ತು. ಹಾಲು ಇತ್ತು, ಅಳೆಯಲಿಲ್ಲ ಅಷ್ಟೆ. ಅದನ್ನು ಸೊನ್ನೆ ಎನ್ನುವುದು ನಮ್ಮ ತಪ್ಪು. ಸರಿಪಡಿಸುತ್ತೇವೆ, ಆದರೆ ಮುಂದಿನ ಆವೃತ್ತಿಯ ತನಕ ಕಾಯಬೇಕು.

ಶನಿವಾರ ಕಾಯುವಂತಿರಲಿಲ್ಲ. ಹಳೆಯ ಆವೃತ್ತಿಯಲ್ಲಿ ಬಿಡಿಸಿದ ನೆಟ್ಟನೆ ಗೆರೆಯನ್ನು ಒಯ್ದು ತೋರಿಸಬಹುದಿತ್ತು. ಅಣ್ಣನಿಗೆ ಫೋನು ಮಾಡಿ ಹೇಳಿದೆ. "ಮಂಡ್ಯದಲ್ಲಿ ಕೂತು ತಿದ್ಕಂಡ್ ಬಂದವ್ಳೆ ಅಂತಾರೆ ಕಣಮ್ಮ," ಎಂದ. ಅವನು ಹೇಳಿದ್ದು ಸರಿ. ಅತ್ತೆಯ ಮೀಸಲು ಹಾಲು ಕುಡಿದು ಬೆಳೆದವಳು ನಾನು ಎಂಬುದೂ ಊರಿಗೆ ಗೊತ್ತು. ಹಾಗಾಗಿ ಭಾನುವಾರ ತೋರಿಸಿದ ಅದೇ ತಪ್ಪು ಗ್ರಾಫ್‌ಗಳನ್ನು, ಒಂದು ಚುಕ್ಕೆಯನ್ನೂ ಬದಲಿಸದೆ, ಕೊನೆಯ ತನಕ ತಿರುವಿ ನೋಡಿದೆ. ಅಂದು ಟಿವಿ ಆರಿಸಿದ್ದರಿಂದ ಯಾರೂ ನೋಡದೆ ಉಳಿದವು ಬಹಳ ಇದ್ದವು.

ಶುಕ್ರವಾರ ರಜೆ ಹಾಕಿ ಸಂಜೆ ಹಾಲು ಹಾಕುವ ಹೊತ್ತಿಗೆ ಊರಿಗೆ ಹೋದೆ. ಅತ್ತೆ ತಮ್ಮ ಜಾಗದಲ್ಲಿ ನಿಂತಿದ್ದರು. ಸೆಕ್ರೆಟರಿಗೆ ಹೇಳಿ ಟಿವಿ ಹಾಕಿಸಿ, ಅತ್ತೆಯ ಗೆರೆಯನ್ನು ದಾಟಿ, ಮಾವನ ಸಂಖ್ಯೆಗೆ ಬಂದು ನಿಲ್ಲಿಸಿದೆ.

ಮಾವನ ಗೆರೆಯಲ್ಲಿಯೂ ಒಂದು ಗುಂಡಿ ಇತ್ತು. ಒಂದೇ. ಆದರೆ ಅತ್ತೆಯ ಗುಂಡಿಗಳಿಗಿಂತ ಆಳ.

ಮಾವನ ಗೆಳೆಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು. "ಏನ್ಲಾ ಇದು? ನಿಂದು ಗುಂಡಿ ಅಲ್ಲ ಕಣ್ಲಾ, ಬಾವಿ. ಯಾವ್ ಕೊಳಾಯಿ ನೀರ್ಲಾ ಅದು?"

"ಸುಮ್ಕಿರ್ಲಾ," ಎಂದರು ಮಾವ. ಪರದೆಯ ಹತ್ತಿರ ಹೋಗಿ ಕೆಳಗಿನ ತಾರೀಖನ್ನು ಬೆರಳಿಟ್ಟು ಓದಿದರು. "ಅವತ್ತು ನಾನ್ ಆಲೇ ಆಕಿಲ್ವಲ್ಲ. ಮಗಳ ಮದ್ವೆ ಒಪ್ಪುಸಾಸ್ತ್ರ. ಎರಡೊತ್ತಿನ ಆಲೂ ಮನೇಲೇ ಪಾಯ್ಸಕ್ಕೆ ಓಯ್ತು. ನೀನೇ ಮೂರ್ ಲೋಟ ಕುಡುದ್ಯಲ್ಲೋ."

"ಕುಡ್ದೆ. ತೆಳ್ಳಗಿತ್ತು."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ಬೆರಳು ಪರದೆಯ ಮೇಲೇ ಇತ್ತು. "ಆಕ್ದೆ ಇರೋ ಆಲ್ಗೆ ಗುಂಡಿ ಯಾಕ್ ಬಿತ್ತು ಮಗ?" ಎಂದು ನನ್ನನ್ನು ಕೇಳಿದರು.

ಹೇಳಿದೆ. ಹಾಕದ ದಿನವನ್ನು ಹೊಸ ಅಪ್‌ಡೇಟ್ ಸೊನ್ನೆ ಹಾಲು ಎಂದು ಲೆಕ್ಕ ಹಿಡಿದಿದೆ, ಮುಂದಿನ ಒಳ್ಳೆಯ ಹಾಲಿಗೆ ಅದನ್ನು ಬೆರೆಸಿದೆ ಎಂದೆ. ಹೆಚ್ಚು ಹೇಳಬೇಕಾಗಲಿಲ್ಲ. ಸೆಕ್ರೆಟರಿ ಅತ್ತೆಯ ಅಂಕಿಗಳನ್ನು ತೆಗೆದು ಗಟ್ಟಿಯಾಗಿ ಓದಿದರು. ಶನಿವಾರ ಸಂಜೆಯವನ್ನೂ ಓದಿದರು.

ಮಾವ ಅತ್ತೆಯ ಕಡೆ ತಿರುಗಿದರು. ಕ್ಷಮಿಸು ಎನ್ನುವ ಮಾತು ನಮ್ಮ ಊರಿನಲ್ಲಿ ಅಷ್ಟಾಗಿ ಚಲಾವಣೆಯಲ್ಲಿಲ್ಲ. "ನಾಳೆ ಮುತ್ತತ್ತಿಗೆ ಓಗೋದ್ ಬ್ಯಾಡ ಕಣವ್ವ," ಎಂದರು.

"ಯಾಕ್ ಬ್ಯಾಡ? ಓಯ್ತೀನಿ," ಎಂದರು ಅತ್ತೆ. "ನಂಗೂ ರಾಯನ್ಗೂ ಬ್ಯಾರೆ ಮಾತೈತೆ. ನೀನೂ ಬಾ. ಮುಳುಗೋದು ನೀನು ಮುಳುಗು."

ಈ ಸಲ ಮಾವನೂ ನಕ್ಕರು. ಮರುದಿನ ನಿಜಕ್ಕೂ ಹೋದರು, ಇಬ್ಬರ ಮನೆಯವರೂ ಒಂದೇ ಆಟೋದಲ್ಲಿ. ಅಲ್ಲಿ ಏನು ಮಾತಾಯಿತೋ, ನಾನು ಕಾಣದ್ದನ್ನು ಬರೆಯಲಾರೆ. ಭಾನುವಾರ ಬೆಳಿಗ್ಗೆ ನಾನು ಬೇಗ ಎದ್ದು ಡೈರಿಯ ಬಾಗಿಲಲ್ಲಿ ನಿಂತಿದ್ದೆ, ಕ್ಯಾನು ಬರುತ್ತದೆಯೋ ಇಲ್ಲವೋ ಎಂದು. ಬಂತು. ಅತ್ತೆ ಕಟ್ಟೆಯ ಪಕ್ಕದ ತಮ್ಮ ಜಾಗದಲ್ಲಿ ನಿಂತು, ಮುಂದಿದ್ದವರನ್ನು "ಜರುಗಿ" ಎಂದು ಗದರಿಸಿದರು.

ಕೆಲವು ವಾರಗಳ ನಂತರ ಲೈಬ್ರರಿಯ ಹೊಸ ಆವೃತ್ತಿ ಬಂತು. ಖಾಲಿಯನ್ನು ಖಾಲಿಯಾಗಿಯೇ ಬಿಡುತ್ತದೆ. ಸೊನ್ನೆ ಬೇಕಾದವರು ಬೇಕೆಂದು ಹೇಳಬೇಕು. ಮಳೆಯವರಿಗೂ ತೊಂದರೆಯಿಲ್ಲ. ಗೆರೆ ಕೂಡ ಖಾಲಿ ಹೊತ್ತಿನಲ್ಲಿ ಕಡಿದು, ಆಚೆ ಮತ್ತೆ ಶುರುವಾಗುತ್ತದೆ. ಇದು ಮತ್ತೆ ಕೆಡದಂತೆ ಕಾಯುವ ಪರೀಕ್ಷೆಯೊಂದು ಬೇಕಿತ್ತು, ಅದನ್ನು ನೀವೇ ಬರೆಯುತ್ತೀರಾ ಎಂದು ಅವರು ಕೇಳಿದ್ದರು. ಒಂದು ವಾರದ ಹಾಲಿನ ಅಂಕಿಗಳನ್ನು ಇಟ್ಟು, ಒಂದು ಹೊತ್ತು ಖಾಲಿ ಬಿಟ್ಟು ಬರೆದೆ. ಅಲ್ಪಸ್ವಲ್ಪ ತಿದ್ದಿಸಿ ಸೇರಿಸಿಕೊಂಡರು. ಈಗ ಎಲ್ಲಿ ಯಾರು ಆ ಲೈಬ್ರರಿಯನ್ನು ಬದಲಿಸಿದರೂ ಆ ಖಾಲಿ ಹೊತ್ತು ಹಾಗೆಯೇ ಉಳಿದಿದೆಯೇ ಎಂದು ಮೊದಲು ನೋಡಲಾಗುತ್ತದೆ. ಟಿಪ್ಪಣಿಗಳನ್ನು ನಾನೀಗ ಪೂರ್ತಿ ಓದುತ್ತೇನೆ. ಟಿವಿಗೆ ಹಾಕುವ ಮೊದಲು ಗೆರೆಯ ಪಕ್ಕದಲ್ಲಿ ಅಂಕಿಗಳನ್ನಿಟ್ಟು ನೋಡುತ್ತೇನೆ.

ಹೊಸ ಆವೃತ್ತಿಯ ಗ್ರಾಫ್ ಹಾಕಿದ ಮೊದಲ ಭಾನುವಾರ, ಅತ್ತೆಯ ಗೆರೆ ನಾಲ್ಕು ಕಡೆ ಕಡಿದಿತ್ತು.

"ಇದ್ಯಾಕವ್ವ ಅಲ್ಲಲ್ಲಿ ಕಿತ್ತೋಗೈತೆ? ಮತ್ತೆ ಕೆಡ್ತಾ ನಿನ್ ಮಿಷನ್ನು?" ಎಂದು ಮಾವನ ಗೆಳೆಯರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ಕೆಟ್ಟಿಲ್ಲ ಕಣ್ಲಾ. ಅದು ಸನಿವಾರ."

ಅತ್ತೆ ಯಂತ್ರದಿಂದ ಬಂದ ಚೀಟಿಯನ್ನು ಓದದೆಯೇ ಬುಟ್ಟಿಗೆ ಹಾಕಿ, ಸಂಜೆಗೆ ಕ್ಯಾನು ತೊಳೆಯಲು ಮನೆ ಕಡೆ ಹೊರಟರು.